ಕ್ಯಾಪ್ಟನ್ ವಿರಾಜನ ತಾಟಿಗೆ ರೊಟ್ಟಿ

ಧಾರಾವಾಹಿಯ ಕಂತು ಮುಗಿದೊಡನೆ ಅದರ ಪಾತ್ರವೊಂದು ಟೀವಿಯಿಂದಿಳಿದು ಯಾರದಾದರೂ ಮನೆಗೆ ಊಟಕ್ಕೆ ಬರುವುದು ರೂಢಿ. ಮನೆಯವರು ಬಡಿಸಿದರೆ ಮುಂದಿನ ಕಂತಿನಲ್ಲಿ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಅಂದು ಶಂಕ್ರವ್ವನ ಎದುರು ಕೂತವನು ಅಂತರಿಕ್ಷ ನೌಕೆಯ ಕ್ಯಾಪ್ಟನ್ ವಿರಾಜ.

"ಕೆಳಗಿನ ಅಂತಸ್ತಿನ ಕೂಲಿಗಳಿಗೆ ಗಾಳಿ ಬಂದ್ ಮಾಡಿ ಯಾಕ ಸಾಯಿಸಿದ್ಯೋ, ಮಗನ?"

"ಎಲ್ಲರಿಗೂ ಸಾಲುತ್ತಿರಲಿಲ್ಲ ಅವ್ವಾ. ಮೇಲೆ ಮಕ್ಕಳಿದ್ದರು."

"ಕೂಲಿಗಳಿಗೂ ಮನ್ಯಾಗ ಮಕ್ಕಳಿದ್ವಲ್ಲೋ."

ಅವನು ಖಾಲಿ ತಾಟು ನೋಡಿದ. "ಗೊತ್ತಿತ್ತು. ಆದರೆ ಮೇಲಿದ್ದವರಲ್ಲಿ ಒಬ್ಬಳು ನನ್ನ ಮಗಳು."

ಶಂಕ್ರವ್ವನ ಗಂಡ ಗಟಾರದ ಗುಂಡಿಗಿಳಿದು ಉಸಿರುಗಟ್ಟಿ ಸತ್ತವನು. ಇಳಿಸಿದವರಲ್ಲಿ ಒಬ್ಬನೂ ಬಂದು ಇಷ್ಟು ಸತ್ಯ ಹೇಳಿರಲಿಲ್ಲ.

ಅವಳು ರೊಟ್ಟಿ ಹಾಕಿ ಎಣ್ಣೆಗಾಯಿ ಬಡಿಸಿದಳು.

"ಉಣ್ಣಪಾ. ಸತ್ತರ ಪಾರಾಗಿಬಿಡ್ತಿ. ಬದುಕಿ, ಆ ಕೂಲಿಗಳ ಹೆಂಡಂದಿರ ಮುಂದ ನಿಂತು ಇದನ್ನ ಹೇಳು."