ಆರನೇ ಬ್ಯಾಚಿನ ಎರ್ಲಿಂದಾ

ಫಿಲಿಪ್ಪೀನ್ಸಿನ ಆ ಬಂದರು ಊರಿನಲ್ಲಿ ಸೊಲೆದಾದ್ ಮೇಡಂ ನಲವತ್ತು ವರ್ಷಗಳ ಹಿಂದೆ, ಹಳೆಯ ಅಕ್ಕಿ ಗೋದಾಮೊಂದರಲ್ಲಿ ನರ್ಸಿಂಗ್ ಕಾಲೇಜು ಶುರುಮಾಡಿದ್ದರು. ಅಲ್ಲಿ ಕಲಿತವರು ಅವರ ಶಿಫಾರಸು ಪತ್ರ ಹಿಡಿದು ಲಂಡನ್, ರಿಯಾದ್, ಟೊರೊಂಟೊ ಎಂದು ಹೊರಟುಹೋದರು.

ಈಗ ಮೇಡಂ ಅದೇ ಊರಿನ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಹೊಸ ನರ್ಸ್ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅವಳು ಬಾಗಿಲ ಕಡೆ ತಿರುಗಿ ಕೂಗಿದಳು.

"ಯಾರಾದರೂ ಎರ್ಲಿಂದಾ ಅಕ್ಕನನ್ನು ಕರೀರಿ!"

ಹೆಡ್ ನರ್ಸ್ ಎರ್ಲಿಂದಾ ಓಡಿಬಂದು ಒಂದೇ ಸಲಕ್ಕೆ ಡ್ರಿಪ್ ಹಾಕಿದಳು. ಔಷಧಿ ಇಳಿದು ಸ್ವಲ್ಪ ಹೊತ್ತಿಗೆ ಉಸಿರಾಟ ಹತೋಟಿಗೆ ಬಂತು. ಮೇಡಂ ಅವಳನ್ನೇ ದಿಟ್ಟಿಸಿದರು.

"ನೀನು ನಮ್ಮ ಕಾಲೇಜಿನವಳಲ್ಲವಾ?"

"ಹೌದು ಮೇಡಂ, ಆರನೇ ಬ್ಯಾಚು. ಜೊತೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಮಾನ ಹತ್ತಿಸಿ ಬಂದೆ. ಉಳಿದವಳು ನಾನೊಬ್ಬಳೇ."

ಎರ್ಲಿಂದಾ ಹೊದಿಕೆ ಸರಿಮಾಡಿದಳು, ಹೋಗಲು ತಿರುಗಿದಳು, ಮತ್ತೆ ನಿಂತಳು.

"ನಾನೂ ಹೊರದೇಶದ ಆಸ್ಪತ್ರೆಗಳಿಗೆ ಎರಡು ಸಲ ಅರ್ಜಿ ಹಾಕಿದ್ದೆ. ಎರಡು ಸಲವೂ ನಿಮ್ಮ ಪತ್ರ ನೋಡಿ ಬೇಡ ಅಂದರು. ಮೂವತ್ತು ವರ್ಷದಿಂದ ಕೇಳಬೇಕು ಅಂತಿದ್ದೆ. ನನ್ನ ಬಗ್ಗೆ ಏನು ಬರೆದಿದ್ದಿರಿ?"

ಮೇಡಂ ಗೋಡೆಯ ಕಡೆ ಮುಖ ಹೊರಳಿಸಿದರು.

"ಈ ಕೆಲಸಕ್ಕೆ ಲಾಯಕ್ಕಿಲ್ಲದವಳು ಅಂತ."

ಎರ್ಲಿಂದಾ ಹಾಸಿಗೆಯ ಹತ್ತಿರ ಬಂದಳು. "ಅಷ್ಟು ಕೆಟ್ಟದಾಗಿ ಕಲಿತಿದ್ದೆನಾ ಮೇಡಂ?"

"ಇಲ್ಲ. ನಲವತ್ತು ವರ್ಷದಲ್ಲಿ ನಿನ್ನಂಥವಳು ಇನ್ನೊಬ್ಬಳು ಸಿಗಲಿಲ್ಲ. ನಿನ್ನನ್ನೂ ಕಳಿಸಿಬಿಟ್ಟಿದ್ದರೆ ಈ ಊರಿಗೆ ಯಾರಿರುತ್ತಿದ್ದರು?"