ನಾಲ್ಕು ಗಂಟೆಯ ಸರದಿ

"ಯಾರದ್ದಾದರೂ ಆಗ್ಲಿ, ನಿಲ್ಲಿಸ್ಬುಡಣ್ಣ," ಎಂದಳು ದಿವ್ಯ. ಕಂಪ್ಯೂಟರ್ ಕೋಣೆಯ ಉಸ್ತುವಾರಿ ತಿಮ್ಮೇಶನ ಬೆರಳು ಕೀಲಿಯ ಮೇಲೆಯೇ ಇತ್ತು. ನಾಗಮಂಗಲದ ಆ ಕಾಲೇಜಿನ ಎಲ್ಲರಿಗೂ ಇರುವುದು ಒಂದೇ ದೊಡ್ಡ ಯಂತ್ರ. ನಾಲ್ಕಕ್ಕೆ ಅದರ ಮೇಲೆ ಪ್ರೋಗ್ರಾಮು ಓಡಿಸಲು ಅವಳ ಸರದಿ. ಅಷ್ಟರೊಳಗೆ ಅದನ್ನು ಕಂಪೈಲ್ ಮಾಡಿ, ಯಂತ್ರ ಓಡಿಸಬಲ್ಲ ರೂಪಕ್ಕೆ ತಂದುಕೊಳ್ಳದಿದ್ದರೆ ಮುಂದಿನ ಸರದಿ ಒಂಬತ್ತು ದಿನದ ಮೇಲೆ. ಪ್ರಬಂಧ ಒಪ್ಪಿಸಬೇಕಾದದ್ದು ನಾಳಿದ್ದು. ಯಾರೋ ಪುಣ್ಯಾತ್ಮ ಬೆಳಗಿನಿಂದ ಯಂತ್ರದ ಮಿದುಳಿನಂಥ ಅಷ್ಟೂ ಕೋರ್‌ಗಳನ್ನು ತನ್ನ ಕಂಪೈಲರಿಗೇ ಹಚ್ಚಿ ಕೂತಿದ್ದ. ಇವಳು ಒತ್ತಿದ ಒಂದಕ್ಷರ ತೆರೆಯ ಮೇಲೆ ಮೂಡುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು.

"ಅಂದಾನಯ್ಯ ಮೇಷ್ಟ್ರುದು ಕಣವ್ವ," ಎಂದ ತಿಮ್ಮೇಶ. "ಅವ್ರಿಗೊಂದ್ಮಾತು ಏಳ್ಬುಡು, ಆಮೇಲೆ ನಿಲ್ಲಿಸ್ತೀನಿ."

ದಿವ್ಯ ಫೋನು ಹಚ್ಚಿದಳು. "ಸಾರ್, ಎಲ್ಲಾರೂ ಅಂಚ್ಕೊಳ್ಳೋ ಮಿಷಿನ್ನು. ನೀವೊಬ್ರೇ ಇಡ್ಕೊಂಡು ಕುಂತ್ರೆ ನಾವೇನ್ ಮಾಡದು?"

"ಅಯ್ಯೋ, ತಪ್ಪಾಯ್ತೇನವ್ವ?" ಎಂದರು ಮೇಷ್ಟರು. "ನನ್ ಲ್ಯಾಪ್‌ಟಾಪಿಗೆ ಅಂತ ನೀನೇ ಚೀಟಿ ಬರ್ಕೊಟ್ಟಿದ್ಯಲ್ಲ, 'ಇರೋ ಕೋರೆಲ್ಲಾ ಬಳಸಿ' ಅಂತ. ಅದ್ನೇ ನೋಡ್ಕೊಂಡು ಇಲ್ಲೂ ಟೈಪ್ ಒಡ್ದೆ. ಇನ್ನೊಂದು ಗಂಟೇಲಿ ಮುಗೀತದೆ. ನಿಲ್ಲಿಸ್ಲಾ? ಮೊದ್ಲಿಂದ ಮಾಡ್ಬೇಕಾಯ್ತದೆ, ಅಷ್ಟೇ ತಾನೇ."

ಗಡಿಯಾರದಲ್ಲಿ ಮೂರೂ ನಲವತ್ತು. ದಿವ್ಯ ಕೀಬೋರ್ಡನ್ನು ತಿಮ್ಮೇಶನ ಕೈಕೆಳಗಿನಿಂದ ಸರಕ್ಕನೆ ಎಳೆದುಕೊಂಡಳು. "ಬ್ಯಾಡಿ ಸಾರ್," ಎಂದಳು ಹಲ್ಲು ಕಚ್ಚಿಕೊಂಡು. "ಓಡ್ಲಿ ಬುಡಿ."