ಇಟ್ಟುಕೊಂಡವಳು

"ಮದುವೆ ಆಗಿತ್ತು ಅಂತ ಹೇಳಮ್ಮ. ಒಂದೇ ಮಾತು, ಅಷ್ಟೇ," ಎನ್ನುತ್ತ ಹ್ಯೂಬರ್ಟ್ ಲ್ಯಾಪ್‌ಟಾಪನ್ನು ತಾಯಿಯ ಕಡೆ ತಿರುಗಿಸಿದ. ಸ್ಕೈಪ್ ಕರೆ ಇನ್ನೂ ಕನೆಕ್ಟ್ ಆಗಿರಲಿಲ್ಲ.

"ಯಾರಿಗೆ, ಯಾರ ಜೊತೆ?" ಎಂದರು ಲಿಡಿಯಮ್ಮ.

"ಗೊತ್ತಿದ್ದೂ ಕೇಳ್ತೀಯಲ್ಲ! ನಿನ್ನ ಅಜ್ಜಿಗೆ, ದೊರೆ ಜೊತೆ."

ದೊರೆ ಎಂದರೆ ಸಕಲೇಶಪುರದ ಕಾಫಿ ತೋಟವೊಂದನ್ನು ಆಳಿದ ಸ್ಕಾಟ್ಲೆಂಡಿನ ಸಾಹೇಬ, ಲಿಡಿಯಮ್ಮನ ತಂದೆಯನ್ನು ಹುಟ್ಟಿಸಿದವನು. ಆ ಮುತ್ತಜ್ಜನ ಊರು ನೋಡಬೇಕೆಂದು ಹ್ಯೂಬರ್ಟ್ ಆಗಸ್ಟಿನ ರಜೆಗೆ ಬಹ್ರೇನಿನಿಂದ ಎಡಿನ್‌ಬರೋಗೆ ಎಲ್ಲರ ಟಿಕೆಟ್ಟೂ ತೆಗೆದಿದ್ದ. ದೊರೆಯ ಅಣ್ಣನ ವಂಶದ ಐಲೀನ್ ಎಂಬ ಮುದುಕಿಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ತೋಟದ ಚರ್ಚಿನಲ್ಲೇ ಮದುವೆ ನಡೆದಿತ್ತು ಎಂದು ಅವಳಿಗೆ ತಾನಾಗಿಯೇ ಬರೆದೂ ಬಿಟ್ಟಿದ್ದ. ಆಕೆ ತನ್ನ ಮನೆಯಲ್ಲೇ ಉಳಿಯಲು ಕರೆದಿದ್ದಳು. ಆದರೆ ಮೊದಲು ದೊರೆಯ ಹೆಂಡತಿಯ ಕಥೆಯನ್ನು ಗೊತ್ತಿದ್ದವರ ಬಾಯಿಂದಲೇ ಕೇಳಬೇಕಂತೆ. ಗೊತ್ತಿದ್ದವರಲ್ಲಿ ಉಳಿದಿದ್ದವರು ಲಿಡಿಯಮ್ಮ ಒಬ್ಬರೇ. ವಿಸಿಟ್ ವೀಸಾದ ಮೇಲೆ ಊರಿಂದ ಬಹ್ರೇನಿಗೆ, ಮಗನ ಜುಫೈರ್ ಫ್ಲಾಟಿಗೆ ಬಂದಿದ್ದರು.

ಹ್ಯೂಬರ್ಟನ ಹೆಂಡತಿ ಪೌಲಿನ್ ಸೋಫಾದ ತುದಿಯಲ್ಲಿ ಕುಳಿತು ಗಂಡನ ಕಾಲನ್ನೇ ನೋಡುತ್ತಿದ್ದಳು. ಅದು ಅಲುಗುತ್ತಿತ್ತು. ಕಾಲು ಅಲುಗಿದರೆ ಜಗಳ ದೂರವಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಸೊಸೆಯೇ ತನ್ನ ಮಾತನ್ನು ಅನುವಾದಿಸಬೇಕೆಂದು ಅತ್ತೆ ಹಟ ಹಿಡಿದಿದ್ದರು. "ನೀನು ಮಾಡಿದ್ರೆ ನನ್ನ ಬಾಯಲ್ಲಿ ನಿನ್ನ ಮಾತು ಬರುತ್ತೆ," ಎಂದು ಮಗನಿಗೆ ಮುಖದ ಮೇಲೇ ಹೇಳಿದ್ದರು.

ಪರದೆಯ ಮೇಲೆ ಬಿಳಿ ಕೂದಲಿನ ಐಲೀನ್ ಮೂಡಿದಳು. ಕೈ ಬೀಸಿದಳು. ಹ್ಯೂಬರ್ಟನ ಬೆಕ್ಕಿನ ಕಣ್ಣು ನೋಡಿ, ಥೇಟ್ ನಮ್ಮ ಮನೆಯವೇ ಎಂದು ಹಿಗ್ಗಿದಳು. ಹ್ಯೂಬರ್ಟ್ ಕ್ಯಾಮೆರಾಗೆ ಇನ್ನಷ್ಟು ಮುಖ ಕೊಟ್ಟ.

"ಏನಂತೆ?" ಲಿಡಿಯಮ್ಮ ಕೇಳಿದರು.

"ಇವರ ಕಣ್ಣು ಅವರ ಮನೆತನದ್ದಂತೆ, ಅತ್ತೆ."

"ಹೌದೌದು. ಆ ಕಣ್ಣಿಗೇ ನಮ್ಮಪ್ಪ ಬೀದೀಲಿ ಕಲ್ಲೇಟು ತಿಂದ. ಅದನ್ನೂ ಹೇಳು."

"ಅಮ್ಮಾ!" ಹ್ಯೂಬರ್ಟ್ ಹಲ್ಲು ಕಚ್ಚಿದ. ಅಷ್ಟರಲ್ಲಿ ಐಲೀನ್ ಕೇಳಿದಳು: ಅವರಿಬ್ಬರೂ ಹೇಗೆ ಒಂದಾದರು? ಪೌಲಿನ್ ಅದನ್ನು ಕನ್ನಡಕ್ಕೆ ತಂದಳು.

"ಒಂದಾಗೋದು ಎಂಥದ್ದು? ಹಣ್ಣು ಕುಯ್ಯೋಕೆ ಬಂದ ಹುಡುಗಿ. ಬಂಗಲೆಗೆ ಕರೆಸಿಕೊಂಡ. ಕಟ್ಟಿಕೊಳ್ಳಲಿಲ್ಲ. ಇಟ್ಟುಕೊಂಡ."

"ಮ್ಯಾರೀಡ್ ಅನ್ನು," ಹ್ಯೂಬರ್ಟ್ ಹೆಂಡತಿಯ ಕಿವಿಯ ಬಳಿ ಪಿಸುಗುಟ್ಟಿದ. "ಪೌಲಿನ್, ನಾನು ಬರೆದಾಗಿದೆ. ನನ್ನ ಮರ್ಯಾದೆ ತೆಗೀಬೇಡ."

ಪೌಲಿನ್ ಎರಡೂ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಕಟ್ಟಿಕೊಂಡ, ಇಟ್ಟುಕೊಂಡ. ಕನ್ನಡದಲ್ಲಿ ಎರಡಕ್ಷರದ ಅಂತರ. ಅತ್ತೆಯ ಕಣ್ಣು ಅವಳ ತುಟಿಯ ಮೇಲಿತ್ತು. ಹೆದರುತ್ತಲೇ ಎರಡನೆಯದನ್ನೇ ಇಂಗ್ಲಿಷಿಗೆ ತಿರುಗಿಸಿದಳು: "ಹಿ ಕೆಪ್ಟ್ ಹರ್."

ಐಲೀನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪಾಪ, ಆ ಕಾಲದಲ್ಲೂ ಅವಳ ಕೈಬಿಡದೆ ನೋಡಿಕೊಂಡನಲ್ಲ! ನಮ್ಮ ಕುಟುಂಬದವರ ಮನಸ್ಸೇ ಅಂಥದ್ದು ಎಂದಳು. ಹ್ಯೂಬರ್ಟ್ ಉಸಿರು ಬಿಟ್ಟು, "ಯೆಸ್, ಯೆಸ್," ಎಂದು ತಲೆಯಾಡಿಸಿದ. ಹೆಂಡತಿಯ ಬೆನ್ನನ್ನೂ ತಟ್ಟಿದ. ಆ ತಟ್ಟಿದ್ದು ಪೌಲಿನ್‌ಗೆ ಹೊಡೆದಷ್ಟು ಉರಿಯಿತು.

"ಏನಂದಳು?"

"ನಿಮ್ಮಜ್ಜಿಯನ್ನ ಅವನು... ಚೆನ್ನಾಗಿ ಸಾಕಿದ ಅಂತ ತಿಳಿದುಕೊಂಡಿದ್ದಾರೆ, ಅತ್ತೆ."

ಲಿಡಿಯಮ್ಮ ಪರದೆಯ ಹತ್ತಿರಕ್ಕೆ ಬಾಗಿದರು.

"ಸಾಕಿದ್ದು ನಾಯೀನ. ಅವನು ಊರಿಗೆ ಹೊರಟಾಗ ನಾಯೀನ ಹಡಗಿನಲ್ಲಿ ಕರಕೊಂಡು ಹೋದ. ನಮ್ಮಜ್ಜೀನ ಮಂಚ, ಕುರ್ಚಿ ಜೊತೆ ಬಂಗಲೇಲೇ ಬಿಟ್ಟ, ಹೊಸದಾಗಿ ಬಂದ ದೊರೆಗೆ ಅಂತ. ಕಂಕುಳಲ್ಲಿ ನಮ್ಮಪ್ಪ ಇದ್ದ. ಹೇಳು, ಪೌಲಿನ್. ಒಂದಕ್ಷರ ಬಿಡದೆ ಹೇಳು."

ಪೌಲಿನ್ ಹೇಳಿದಳು. ಹ್ಯೂಬರ್ಟ್ ಅವಳ ಮಣಿಕಟ್ಟು ಹಿಡಿದು ಅಮುಕಿದ. ಅವಳು ನಿಲ್ಲಿಸಲಿಲ್ಲ. ಮಂಚ ಎಂದಳು, ಕುರ್ಚಿ ಎಂದಳು, ಹೊಸ ದೊರೆ ಎಂದಳು.

ಐಲೀನ್ ಕೆಂಪಾದಳು, ಅತ್ತಿತ್ತ ನೋಡಿದಳು. ಆಮೇಲೆ ಮುಳುಗುವವಳಿಗೆ ಕೊಂಬೆಯೊಂದು ಸಿಕ್ಕಿದಂತೆ ಮುಖ ಅರಳಿಸಿದಳು.

"ಓ, ಆ ನಾಯಿ! ಬ್ರೂನೋ! ಅವನ ಸಮಾಧಿ ನಮ್ಮ ಹಿತ್ತಲಲ್ಲೇ ಇದೆ. ಹೆಸರು ಕೆತ್ತಿಸಿದ ಕಲ್ಲು. ಬಂದಾಗ ತೋರಿಸುತ್ತೇನೆ."

ಪೌಲಿನ್ ಅದನ್ನೂ ಕನ್ನಡದಲ್ಲಿ ಹೇಳಿದಳು, ಅತ್ತೆಯ ಮುಖ ನೋಡದೆ.

ಲಿಡಿಯಮ್ಮ ಎದ್ದು ನಿಂತರು. "ಹೋಗಿ ಬಾರಪ್ಪ," ಎಂದರು ಮಗನಿಗೆ. "ನನ್ನ ಟಿಕೆಟ್ ವಾಪಸ್ ಮಾಡು. ಆ ನಾಯಿ ಕಲ್ಲಿನ ಮೇಲೆ ಒಂದು ಹೂವಿಟ್ಟು ಬಾ. ನಮ್ಮಜ್ಜಿಗೆ ಇಡೋಣ ಅಂದ್ರೆ, ಅವಳನ್ನ ತೋಟದಲ್ಲಿ ಎಲ್ಲಿ ಹೂತರು ಅಂತ ನಮ್ಮಪ್ಪನಿಗೇ ಗೊತ್ತಿರಲಿಲ್ಲ."

ಹ್ಯೂಬರ್ಟ್ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. ಪೌಲಿನ್ ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೈ ತೆಗೀರಿ," ಎಂದಳು. "ಇದನ್ನಿನ್ನೂ ಅವರಿಗೆ ಹೇಳಿಲ್ಲ."